ಕೊಸರು, ತಕ್ಕಡಿ, ಉದ್ದರಿ

ಅರಸರ ಕಾಳಗಗಳಿಗೆ ತಿಥಿ ವಾರಗಳುಂಟು. ಅವರು ಕೊಟ್ಟ ದತ್ತಿಗಳಿಗೆ ಶಾಸನಗಳುಂಟು. ಆದರೆ ಮನೆಯೊಡತಿ ಸಂತೆಗೆ ಹೋಗಿ ಒಂದು ಸೇರು ಬದನೆಕಾಯಿ ಕೊಂಡು ತಂದುದನ್ನು ಯಾರೂ ಬರೆದಿಡಲಿಲ್ಲ. ದಿನವೂ ನಡೆಯುವ ಕೆಲಸಕ್ಕೆ ಚರಿತ್ರೆ ಇದ್ದೀತೆಂದು ನಮಗೆ ತೋರುವುದೇ ಇಲ್ಲ. ಹೀಗಿದ್ದರೂ ಕಾಯಿಪಲ್ಲೆಯನ್ನು ಯಾರಿಂದ ಕೊಳ್ಳಬೇಕು, ಹೇಗೆ ಆರಿಸಬೇಕು, ಹಣವನ್ನು ಯಾವಾಗ ಕೊಡಬೇಕು ಎಂಬ ಪ್ರಶ್ನೆಗಳ ಮೇಲೆ ನಮ್ಮ ಮನೆಗಳಲ್ಲಿ ನಡೆದಷ್ಟು ವಾದ ಬೇರೆ ವಿಷಯಗಳ ಮೇಲೆ ನಡೆದಿರಲಿಕ್ಕಿಲ್ಲ. ಸಂತೆ ಇದ್ದಲ್ಲಿ ಅಂಗಡಿ ಬಂದಿತು. ಅಂಗಡಿಯ ಪಕ್ಕದಲ್ಲಿ ಸಹಕಾರಿ ಮಳಿಗೆ ಎದ್ದಿತು. ಅದರ ಎದುರಿಗೆ ತಂಪು ಗಾಳಿಯ ದೊಡ್ಡ ಮಳಿಗೆ ತೆರೆಯಿತು. ಈಗ ಮೊಬೈಲ್ ಒತ್ತಿದರೆ ಬಾಗಿಲಿಗೇ ಚೀಲ ಬರುತ್ತದೆ. ಪ್ರತಿಯೊಂದು ಸಲವೂ ಕೊಳ್ಳುವವರಲ್ಲಿ ಹೆಚ್ಚಿನವರು ಮೂಗು ಮುರಿದರು. ಪ್ರತಿಯೊಂದು ಸಲವೂ ಕೆಲವರು ಒಪ್ಪಿಕೊಂಡರು. ಅವರು ಮೂಗು ಮುರಿದುದೇಕೆ, ಒಪ್ಪಿದುದೇಕೆ ಎಂಬುದನ್ನು ನನ್ನ ಊರಾದ ಕುಡಚಿಯಲ್ಲಿ ನಿಂತು ನೋಡಬೇಕೆಂದು ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು.

ಬೆಳಗಾವಿಯಿಂದ ಮಿರಜಿಗೆ ರೈಲಿನಲ್ಲಿ ಹೋದವರಿಗೆ ಕುಡಚಿ ಗೊತ್ತಿರಲೇಬೇಕು. ರಾಯಬಾಗ, ಚಿಂಚಲಿ ದಾಟಿದ ಮೇಲೆ ಬರುವ ನಿಲ್ದಾಣವದು. ಅಲ್ಲಿಂದ ಹೊರಟ ಗಾಡಿ ಕೃಷ್ಣೆಯ ಸೇತುವೆಯ ಮೇಲೆ ಹಾಯ್ದು ಉಗಾರವನ್ನು ಸೇರುತ್ತದೆ. ನದಿಯ ಈಚೆಗೆ ರಾಯಬಾಗ ತಾಲೂಕು. ಆಚೆಗೆ ಕಾಗವಾಡ, ಅಥಣಿಗಳ ಸೀಮೆ. ಇನ್ನಷ್ಟು ಮುಂದೆ ಹೋದರೆ ಮಹಾರಾಷ್ಟ್ರ. ಬಜಾರದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಬೆಲೆ ಕೇಳುವುದು ಒಂದು ಭಾಷೆಯಲ್ಲಿ, ಹೇಳುವುದು ಇನ್ನೊಂದರಲ್ಲಿ, ಜಗಳವಾದರೆ ಮೂರನೆಯದರಲ್ಲಿ. ಕಪ್ಪು ಮಣ್ಣಿನ ನೆಲ. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಕಬ್ಬು ಈ ಸೀಮೆಯ ದೊರೆಯಾಯಿತು. ಆದರೂ ನದಿಯ ದಂಡೆಯ ತೋಟಗಳಲ್ಲಿ ಬದನೆ, ಮೆಣಸಿನಕಾಯಿ, ಸೌತೆ, ಮೆಂತೆ, ಕೊತ್ತಂಬರಿಗಳು ತಮ್ಮ ಠಾವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ. ಕೃಷ್ಣೆಯ ದಂಡೆಯ ಬದನೆಕಾಯಿಗೆ ಗಡಿಯ ಎರಡೂ ಕಡೆ ಹೆಸರಿದೆ. ಎಣ್ಣೆಗಾಯಿ ಮಾಡುವವರು ಅದನ್ನೇ ಕೇಳಿ ಕೊಳ್ಳುತ್ತಾರೆ.

ಸಂತೆಯ ನಾಲ್ಕು ಹಕ್ಕುಗಳು

ನಮ್ಮ ಸೀಮೆಯಲ್ಲಿ ವ್ಯಾಪಾರ ಹೊಸದಲ್ಲ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ದತ್ತಿ ಕೊಟ್ಟಾಗ ಕೂಂಡಿ ನಾಡಿನ ವರ್ತಕರು ಕೂಡಿ, ಪೇಟೆಗೆ ಬರುವ ಸರಕುಗಳ ಮೇಲೆ ಬಸದಿಗಾಗಿ ಇಂತಿಷ್ಟು ಎಂದು ಗೊತ್ತುಮಾಡಿದ ಸಂಗತಿ ಶಾಸನದಲ್ಲಿದೆ. ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಂನಲ್ಲಿದೆ. ಪೇಟೆಗೆ ಬರುವುದನ್ನು ಲೆಕ್ಕವಿಡುವ ಪದ್ಧತಿ ಎಂಟು ನೂರು ವರ್ಷಗಳಷ್ಟು ಹಳೆಯದೆಂದಾಯಿತು. ಆದರೆ ಶಾಸನಗಳು ಹೇಳುವುದು ಮಾರುವವರ ಮಾತನ್ನು. ಕೊಳ್ಳುವವಳ ಮಾತನ್ನು ಕೇಳಬೇಕಾದರೆ ಕಲ್ಲನ್ನು ಬಿಟ್ಟು ಸಂತೆಗೇ ಹೋಗಬೇಕು.

ವಾರದ ಸಂತೆಯಲ್ಲಿ ಕೊಳ್ಳುವವಳಿಗೆ ಬರೆಯದ ಹಕ್ಕುಗಳು ನಾಲ್ಕು ಇದ್ದುವು. ಮೊದಲನೆಯದು ಮುಟ್ಟಿ ಆರಿಸುವ ಹಕ್ಕು. ಬೆಂಡೆಕಾಯಿಯ ತುದಿಯನ್ನು ಮುರಿದು ನೋಡಬೇಕು. ಸೋರೆಕಾಯಿಗೆ ಉಗುರು ಒತ್ತಬೇಕು. ಬದನೆಕಾಯಿಯ ತೊಟ್ಟು ಹಸಿರಾಗಿದೆಯೇ, ಕೈಯಲ್ಲಿ ಹಿಡಿದಾಗ ಹಗುರವಾಗಿದೆಯೇ ಎಂದು ತೂಗಬೇಕು. ಭಾರವಾದರೆ ಬೀಜ ಬಲಿತಿದೆಯೆಂದು ಅರ್ಥ. ನನ್ನ ತಾಯಿ ಅಕ್ಷರ ಕಲಿತವಳಲ್ಲ, ಆದರೆ ಈ ಶಾಸ್ತ್ರದಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಾಣೆ. ಎರಡನೆಯದು ಚೌಕಾಸಿಯ ಹಕ್ಕು. ಹೇಳಿದ ಬೆಲೆಗೆ ಕೊಂಡವರನ್ನು ಮಾರುವವಳೇ ಒಳಗೊಳಗೆ ನಗುತ್ತಿದ್ದಳು. ಮೂರನೆಯದು ಕೊಸರು. ತಕ್ಕಡಿ ಸಮವಾದ ಮೇಲೆ ಇನ್ನೊಂದು ಕಾಯಿ, ನಾಲ್ಕು ಹಸಿಮೆಣಸು, ಒಂದು ಎಸಳು ಕರಿಬೇವು ಚೀಲಕ್ಕೆ ಬೀಳಲೇಬೇಕು. ನಾಲ್ಕನೆಯದು ಉದ್ದರಿ. ಈ ವಾರ ಕೊಂಡು ಮುಂದಿನ ವಾರ ಹಣ ಕೊಡುವ ಸೌಲಭ್ಯ. ಇದು ಮುಖ ಪರಿಚಯ ಉಳ್ಳವರಿಗೆ ಮಾತ್ರ. ಹಳ್ಳಿಗಳಲ್ಲಿ ಹಣವೇ ಇಲ್ಲದೆ ಜೋಳ ಅಳೆದುಕೊಟ್ಟು ಕಾಯಿಪಲ್ಲೆ ಪಡೆಯುವುದೂ ಇತ್ತು.

ಇದರಿಂದ ಸಂತೆ ಸ್ವರ್ಗವಾಗಿತ್ತೆಂದು ತಿಳಿಯಬಾರದು. ತಕ್ಕಡಿಯ ಒಂದು ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವ ವಿದ್ಯೆ ಎಲ್ಲ ಊರುಗಳಲ್ಲಿಯೂ ಬಲ್ಲವರಿದ್ದರು. ಬೊಡ್ಡೆಯಲ್ಲಿ ಕೊಳೆತುದನ್ನಿಟ್ಟು ಮೇಲೆ ಹೊಸದನ್ನು ಜೋಡಿಸಿದ ಸಿವುಡುಗಳಿದ್ದುವು. ತೂಕದ ಕಲ್ಲು ನಿಜವಾಗಿಯೂ ಕಲ್ಲೇ ಆಗಿರುತ್ತಿತ್ತು, ಮತ್ತು ಅದು ಸವೆಯುವುದು ಯಾವಾಗಲೂ ಒಂದೇ ದಿಕ್ಕಿಗೆ. ಕೊಸರು ಎಂಬುದು ಹುಟ್ಟಿದ್ದು ಬಹುಶಃ ಇದಕ್ಕೆ ಪ್ರತಿಯಾಗಿಯೇ. ತಕ್ಕಡಿ ಕದ್ದುದನ್ನು ಕೈ ತಿರುಗಿ ಕೊಡಲಿ ಎಂದು ಕೊಳ್ಳುವವಳು ಕೇಳಿದ ಪರಿಹಾರವದು. ಮಾರುವವಳೂ ಅದನ್ನು ಹೇಳುವ ಬೆಲೆಯಲ್ಲಿ ಮೊದಲೇ ಸೇರಿಸಿಕೊಂಡಿರುತ್ತಿದ್ದಳು. ಇಬ್ಬರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಕೊಸರಿಲ್ಲದೆ ಎದ್ದುಹೋದರೆ ಇಬ್ಬರಿಗೂ ಏನೋ ಕಡಿಮೆಯಾದಂತೆ ತೋರುತ್ತಿತ್ತು. ಕೊಸರು ಕೊಟ್ಟವಳು ಮುಂದಿನ ವಾರ ನನ್ನಲ್ಲಿಗೇ ಬಾ ಎಂದು ಕರೆದಂತೆ. ಪಡೆದವಳು ಬರುತ್ತೇನೆಂದು ಒಪ್ಪಿದಂತೆ.

ರೈಲು, ಕಿಲೋ ಮತ್ತು ಕಾಯಿದೆ

ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಸ್ಥಾಪಿತವಾಗಿ ಆ ದಶಕದಲ್ಲಿಯೇ ನಮ್ಮ ಕಡೆ ಮೀಟರ್ ಗೇಜ್ ಹಳಿ ಹಾಕಿತು. ಬುಟ್ಟಿಯ ಕಾಯಿಪಲ್ಲೆ ನಡೆದುಹೋಗುವಷ್ಟು ದೂರದಲ್ಲಿಯೇ ಮಾರಾಟವಾಗಬೇಕೆಂಬ ಕಟ್ಟು ಅಲ್ಲಿಗೆ ಸಡಿಲವಾಯಿತು. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬುಟ್ಟಿಗಳೊಡನೆ ಮಿರಜಿಗೋ ಘಟಪ್ರಭೆಗೋ ಹೋಗಿ ಸಂಜೆ ಬರಿಯ ಬುಟ್ಟಿಯೊಡನೆ ಮರಳುವವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ತೋಟದವನಿಗೆ ಇದು ಲಾಭವೇ. ಆದರೆ ಮಿರಜಿನಲ್ಲಿ ಕೊಳ್ಳುವವಳಿಗೆ ಕುಡಚಿಯ ತೋಟದವನ ಮುಖ ತಿಳಿಯದು. ನಡುವೆ ದಲ್ಲಾಳಿ ಬಂದ. ದೂರ ಹೆಚ್ಚಿದಂತೆ ಬೆಳೆದವನಿಗೂ ಉಣ್ಣುವವನಿಗೂ ನಡುವಣ ಕೈಗಳು ಹೆಚ್ಚಿದುವು.

ಆ ಕೈಗಳು ಮಾಡುತ್ತಿದ್ದ ವ್ಯವಹಾರದ ರೀತಿಯನ್ನು ಈಗಿನವರು ನಂಬಲಾರರು. ಸಗಟು ಪೇಟೆಯಲ್ಲಿ ದಲ್ಲಾಳಿಯೂ ಖರೀದಿದಾರನೂ ಒಂದು ವಸ್ತ್ರದ ಕೆಳಗೆ ಕೈ ಹಿಡಿದುಕೊಂಡು ಬೆರಳುಗಳನ್ನು ಒತ್ತಿ ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲಿಯೇ ನಿಂತಿದ್ದರೂ ತನ್ನ ಮಾಲಿಗೆ ಎಷ್ಟು ಬೆಲೆ ಬಂದಿತೆಂದು ಅವನಿಗೆ ಕಾಣುತ್ತಿರಲಿಲ್ಲ. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗವು ನಿಯಂತ್ರಿತ ಪೇಟೆಗಳು ಬೇಕೆಂದು ಸೂಚಿಸಿತು. ನಾವು ಆಗ ಇದ್ದ ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆ ಬಂದಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಅದರ ಹತ್ತು ವರ್ಷಗಳ ಮೇಲೆ, 1966ರಲ್ಲಿ, ರಾಜ್ಯಕ್ಕೆಲ್ಲ ಒಂದೇ ಮಾರುಕಟ್ಟೆ ಕಾಯಿದೆಯಾಯಿತು. ವಸ್ತ್ರದ ಕೆಳಗಿನ ಬೆರಳು ಬಯಲಿಗೆ ಬಂದು ಬಹಿರಂಗ ಸವಾಲಾಯಿತು. ಇಷ್ಟಾದರೂ ಈ ಕಾಯಿದೆಗಳ ಕಣ್ಣು ಮೊದಲು ಬಿದ್ದುದು ಹತ್ತಿ, ಶೇಂಗಾ, ಕಾಳುಕಡಿಗಳಂಥ ಕೆಡದ ಮಾಲಿನ ಮೇಲೆ. ಸಂಜೆಗೆ ಬಾಡುವ ಮೆಂತೆಯ ಸಿವುಡಿಗೆ ಕಾಯಿದೆ ಕಾಯುವಷ್ಟು ಪುರಸತ್ತು ಇರಲಿಲ್ಲ.

ಇದೇ ಕಾಲದಲ್ಲಿ ಕೊಳ್ಳುವವರ ತಲೆಗೆ ಇನ್ನೆರಡು ಭಾರಗಳು ಬಿದ್ದುವು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂದಿತು. ಮರುವರ್ಷದಿಂದ ಸೇರು ಹೋಗಿ ಕಿಲೋಗ್ರಾಂ ಬರತೊಡಗಿತು. ಒಂದು ಆಣೆಯೆಂದರೆ ಲೆಕ್ಕಕ್ಕೆ ಆರೂಕಾಲು ನಯಾ ಪೈಸೆ. ಆ ಕಾಲು ಪೈಸೆ ಯಾರ ಪಾಲಿಗೆ ಎಂಬುದೇ ಬಜಾರದ ದೊಡ್ಡ ಪ್ರಶ್ನೆ. ಎಂಬತ್ತು ತೊಲದ ಸೇರು 933 ಗ್ರಾಂ. ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚು. ಸೇರಿನ ಬೆಲೆಗಿಂತ ಕಿಲೋದ ಬೆಲೆ ಹೆಚ್ಚಿರುವುದು ನ್ಯಾಯವೇ. ಎಷ್ಟು ಹೆಚ್ಚಿರಬೇಕೆಂಬುದನ್ನು ಮಾತ್ರ ಮಾರುವವರೇ ಗೊತ್ತುಮಾಡಿದರು. ನನ್ನ ತಾಯಿ ಬಹಳ ವರ್ಷಗಳವರೆಗೆ ಕಿಲೋವನ್ನು ‘ಸರಕಾರಿ ಸೇರು’ ಎಂದೇ ಕರೆದಳು. ಆದರೂ ಮುದ್ರೆ ಒತ್ತಿದ ಕಬ್ಬಿಣದ ತೂಕ ಬಂದು ಕಲ್ಲು ಹೋದುದನ್ನು ಅವಳು ಮೆಚ್ಚಿಕೊಂಡಳೆಂಬುದನ್ನೂ ಹೇಳಬೇಕು. ಹೊಸ ತೂಕ ಬಂದ ಮೇಲೂ ಅವಳು ಕೊಸರನ್ನು ಬಿಡಲಿಲ್ಲ. ತೂಕ ಸರಿಯಾದ ಮೇಲೆ ಕೊಸರೇಕೆ ಎಂದು ನಾನು ಕೇಳಿದೆ. “ತೂಕ ಸರಕಾರದ್ದು, ಕೊಸರು ನನ್ನದು” ಎಂದಳು.

ಒಂದೇ ಬೆಲೆಯ ಅಂಗಡಿ

ಈಗ ಸಹಕಾರದ ಕಡೆಗೆ ತಿರುಗೋಣ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕೆಲವು ನೇಕಾರರೂ ಕುಶಲಕರ್ಮಿಗಳೂ ಕೂಡಿ ಒಂದು ಚಿಕ್ಕ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದಬತ್ತಿ ಇಷ್ಟೇ ಅವರ ಸರಕು. ಕಲಬೆರಕೆಯಿಲ್ಲದ ಮಾಲು, ಸರಿಯಾದ ತೂಕ, ಒಂದೇ ಬೆಲೆ ಎಂಬುದು ಅವರ ನಿಯಮ. ಅವರ ಇನ್ನೊಂದು ನಿಯಮವನ್ನು ನಾವು ಮರೆಯುತ್ತೇವೆ: ಉದ್ದರಿ ಇಲ್ಲ, ರೋಖ ಮಾತ್ರ. ಸಾಲದಿಂದ ಬಡವನು ಅಂಗಡಿಕಾರನ ಗುಲಾಮನಾಗುವನೆಂದು ಅವರು ಕಂಡಿದ್ದರು. ನಮ್ಮ ನಾಡಿನಲ್ಲಿ ಸಹಕಾರ ಬಂದುದು ಇನ್ನೊಂದು ಬಾಗಿಲಿನಿಂದ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದುದು ಸಾಲ ಕೊಡುವ ಸಂಘ. ಅಲ್ಲಿ ಸಾಲವನ್ನು ತಪ್ಪಿಸಲು ಸಹಕಾರ. ಇಲ್ಲಿ ಸಾಲವನ್ನು ಕೊಡಲು ಸಹಕಾರ. ಎರಡೂ ಕಡೆ ಶತ್ರು ಮಾತ್ರ ಒಬ್ಬನೇ, ಬಡ್ಡಿಯವನು.

ಕಾಯಿಪಲ್ಲೆಗೆ ಸಹಕಾರದ ಕೈ ತಾಕಿದುದು ಬೆಂಗಳೂರಿನಲ್ಲಿ. ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಸ್ಥಾಪಿತವಾಯಿತು. ದ್ರಾಕ್ಷಿಗೆಂದು ಹುಟ್ಟಿದ ಸಂಘ ಮುಂದೆ ಎಲ್ಲ ಹಣ್ಣು ತರಕಾರಿಗಳನ್ನೂ ಮಾರತೊಡಗಿತು. 1980ರ ದಶಕದಲ್ಲಿ ಹಾಪ್‌ಕಾಮ್ಸ್ ಎಂಬ ಈಗಿನ ಹೆಸರನ್ನು ಪಡೆಯಿತು. ಲಾಲ್‌ಬಾಗಿನ ಕೇಂದ್ರಕ್ಕೆ ರೈತ ಮಾಲು ತರುವನು. ಅಲ್ಲಿ ಅದನ್ನು ತೂಗಿ, ಆ ದಿನದ ಬೆಲೆಯನ್ನು ಗೊತ್ತುಮಾಡಿ, ನಗರದ ಮಳಿಗೆಗಳಿಗೆ ಕಳಿಸುವರು. ಮಳಿಗೆಯ ಮುಂದೆ ಬೆಲೆಯ ಹಲಗೆ ತೂಗಾಡುವುದು. ಕಮಿಷನ್ನಿನ ದಲ್ಲಾಳಿ ಇಲ್ಲ, ತೂಕದಲ್ಲಿ ಮೋಸವಿಲ್ಲ, ಚೌಕಾಸಿಯೂ ಇಲ್ಲ.

ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋದ ನಾನು ಈ ಮಳಿಗೆಗಳ ಮುಂದೆ ನಿಂತು ಕೊಳ್ಳುವವರ ಮಾತನ್ನು ಬಹಳ ವರ್ಷ ಕೇಳಿದ್ದೇನೆ. ಹೊಗಳುವವರು ಹೇಳುವುದು ಮೂರು ಮಾತು: ತೂಕ ಸರಿಯಾಗಿರುತ್ತದೆ, ಮಗುವನ್ನು ಕಳಿಸಿದರೂ ಮೋಸವಿಲ್ಲ, ನಾವು ಕೊಟ್ಟ ಹಣ ರೈತನಿಗೆ ಮುಟ್ಟುತ್ತದೆ. ಮೂಗು ಮುರಿಯುವವರು ಹೇಳುವುದೂ ಮೂರೇ ಮಾತು: ಮಧ್ಯಾಹ್ನಕ್ಕೆ ಒಳ್ಳೆಯದೆಲ್ಲ ಮುಗಿದಿರುತ್ತದೆ, ಬೇಕೆಂದುದು ಎಲ್ಲ ದಿನವೂ ಸಿಗದು, ಮಾರುವಾತನು ಸಂಬಳದವನು, ನಾವು ಬಂದರೂ ಒಂದೇ ಬಿಟ್ಟರೂ ಒಂದೇ. ಈ ಕಡೆಯ ಮಾತಿನಲ್ಲಿ ಒಂದು ತಿಳಿವಳಿಕೆಯುಂಟು. ಹೊಸ ಪದ್ಧತಿಯು ಕೊಳ್ಳುವವಳಿಗೆ ನ್ಯಾಯವಾದ ತೂಕವನ್ನು ಕೊಟ್ಟಿತು. ಅದಕ್ಕೆ ಬದಲಾಗಿ ಕೊಸರನ್ನೂ ಉದ್ದರಿಯನ್ನೂ ತೆಗೆದುಕೊಂಡಿತು. ತಿಂಗಳ ಸಂಬಳದವರಿಗೆ ಈ ವಿನಿಮಯ ಲಾಭದ್ದೆಂದು ತೋರಿತು. ದಿನಗೂಲಿಯವರಿಗೆ ಹಾಗೆ ತೋರಲಿಲ್ಲ. ಅವರು ತಳ್ಳುಗಾಡಿಯವನನ್ನು ಬಿಡಲಿಲ್ಲ. ಅವನ ಬೆಲೆ ಹೆಚ್ಚೆಂದು ಅವರಿಗೆ ತಿಳಿಯದೆ ಇರಲಿಲ್ಲ. ಕೂಲಿ ಸಿಗದ ದಿನ ಅವನು ಕೊಡುವ ಅರ್ಧ ಕಿಲೋ ಆಲೂಗಡ್ಡೆಯ ಬೆಲೆಯನ್ನು ಅವರು ಬೇರೊಂದು ಲೆಕ್ಕದಲ್ಲಿ ಹಿಡಿಯುತ್ತಿದ್ದರು.

ತಾನೇ ಆರಿಸುವ ಅಂಗಡಿ

1916ರಲ್ಲಿ ಅಮೆರಿಕೆಯ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದನು. ಅಲ್ಲಿಯವರೆಗೆ ಗಿರಾಕಿ ಕಟ್ಟೆಯ ಈಚೆಗೆ ನಿಂತು ಬೇಡುತ್ತಿದ್ದ; ಅಂಗಡಿಯವನು ಕಟ್ಟೆಯ ಆಚೆಯಿಂದ ಕೊಡುತ್ತಿದ್ದ. ಸಾಂಡರ್ಸನು ಕಟ್ಟೆಯನ್ನೇ ತೆಗೆದುಹಾಕಿ, ಗಿರಾಕಿಯ ಕೈಗೆ ಬುಟ್ಟಿ ಕೊಟ್ಟು ನೀನೇ ಆರಿಸಿಕೋ ಎಂದನು. ಅಮೆರಿಕೆಗೆ ಇದು ಕ್ರಾಂತಿ; ನಮ್ಮ ಸಂತೆಯ ಹೆಂಗಸಿಗೆ ಇದು ಅಜ್ಜಿಯ ಕಾಲದ ಹಕ್ಕು. ಆದುದರಿಂದಲೇ ನಮ್ಮ ನಗರಗಳಲ್ಲಿ ದೊಡ್ಡ ಮಳಿಗೆಗಳು ತಲೆಯೆತ್ತಿದಾಗ ಬೇಳೆ, ಸಾಬೂನು, ಎಣ್ಣೆಗಳಿಗೆ ಜನ ಬೇಗ ಒಗ್ಗಿದರು. ಕಾಯಿಪಲ್ಲೆಗೆ ಮಾತ್ರ ಬಹುಕಾಲ ತಳ್ಳುಗಾಡಿಯೇ ಬೇಕಾಯಿತು. ಸಾಬೂನಿನ ಮೇಲೆ ಹೆಸರಿದೆ, ಹೆಸರನ್ನು ನಂಬಬಹುದು. ಬದನೆಕಾಯಿಗೆ ಹೆಸರಿಲ್ಲ; ಅದನ್ನು ನಂಬಬೇಕಾದರೆ ಮುಟ್ಟಬೇಕು, ಇಲ್ಲವೆ ಮಾರುವವನ ಮುಖವನ್ನು ನಂಬಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೆಲೆಯ ಚೀಟಿ ಅಂಟಿಸಿದ ತಟ್ಟೆ ಈ ಎರಡನ್ನೂ ಒಮ್ಮೆಗೇ ಮುಚ್ಚುತ್ತದೆ.

ಹೀಗಿರುವಾಗ 2011ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಬಿಗ್‌ಬಾಸ್ಕೆಟ್ ಆರಂಭವಾಯಿತು. ಅದನ್ನು ಕಟ್ಟಿದವರು 1999ರಷ್ಟು ಹಿಂದೆಯೇ ಫ್ಯಾಬ್‌ಮಾರ್ಟ್ ಎಂಬ ಅಂತರ್ಜಾಲದ ಅಂಗಡಿಯನ್ನು ನಡೆಸಿದವರು. ಕಣ್ಣಿಗೂ ಕಾಣದ, ಕೈಗೂ ಸಿಗದ ಟೊಮೆಟೊವನ್ನು ಚಿತ್ರ ನೋಡಿ ಕೊಳ್ಳುವರೇ ಎಂದು ನಾವು ಕೆಲವರು ಹಿರಿಯರು ನಕ್ಕೆವು. ಕೊಂಡರು. ಕೊಂಡುದರ ಕಾರಣವನ್ನು ನಾನು ನೆರೆಮನೆಯ ಉದ್ಯೋಗಸ್ಥ ಹೆಂಗಸೊಬ್ಬರಿಂದ ತಿಳಿದೆ. “ಆರಿಸುವ ಹಕ್ಕು ಇದೆ ಎನ್ನುತ್ತೀರಿ, ಆರಿಸುವ ಹೊತ್ತು ಯಾರಿಗಿದೆ? ಕೆಟ್ಟದ್ದು ಬಂದರೆ ತಿರುಗಿ ಕಳಿಸುತ್ತೇನೆ, ಜಗಳವಿಲ್ಲದೆ ಹಣ ಮರಳುತ್ತದೆ” ಎಂದರು. ಮುಟ್ಟುವ ಹಕ್ಕಿಗೆ ಬದಲಾಗಿ ಮರಳಿಸುವ ಹಕ್ಕು ಬಂದಿತ್ತು. ಸಂತೆಗೆ ಹೋಗಿ ಬೆಂಡೆಯ ತುದಿ ಮುರಿದು ನೋಡುವ ವಿದ್ಯೆಗೆ ಹೆಂಗಸಿನ ಅರ್ಧ ದಿನ ಬೇಕಿತ್ತು. ಆ ಅರ್ಧ ದಿನಕ್ಕೆ ನಾವು ಯಾರೂ ಬೆಲೆ ಕಟ್ಟಿರಲಿಲ್ಲ. ಹಳೆಯ ಸಂತೆಯನ್ನು ಹೊಗಳುವ ಗಂಡಸರು ಇದನ್ನು ನೆನಪಿಡುವುದು ಒಳ್ಳೆಯದು.

ಮುಟ್ಟದೆ ಕೊಂಡ ದಿನಗಳು

ನಗರದ ಈ ಚರ್ಚೆ ಕುಡಚಿಯಂಥ ಊರಿಗೆ ತಾಗದೆಂದು ನಾವು ತಿಳಿದಿದ್ದೆವು. ಎರಡು ವರ್ಷಗಳಲ್ಲಿ ಎರಡು ಸಲ ಅದು ತಾಗಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂದಿತು. ಪ್ರವಾಹದಲ್ಲಿ ಕುಡಚಿಗೂ ಉಗಾರಕ್ಕೂ ನಡುವಣ ರಸ್ತೆಯ ಸೇತುವೆ ಮುಳುಗುವುದು ನಮ್ಮವರಿಗೆ ಹೊಸದಲ್ಲ. ಆ ವರ್ಷ ದಂಡೆಯ ತೋಟಗಳೇ ನೀರಾದುವು. ನದಿಯ ದಂಡೆಯಲ್ಲಿದ್ದು ಹೊರಗಿನ ಕಾಯಿಪಲ್ಲೆಗೆ ಕೈಯೊಡ್ಡುವ ಸ್ಥಿತಿ ಬಂದಿತು. ಮರುವರ್ಷ, 2020ರ ಏಪ್ರಿಲ್‌ನಲ್ಲಿ, ಕೊರೋನಾ ಸೋಂಕು ಕಂಡುಬಂದುದರಿಂದ ಕುಡಚಿ ಪಟ್ಟಣವನ್ನೇ ಮುಚ್ಚಲಾಯಿತು. ದಾರಿಗಳಿಗೆ ಅಡ್ಡಗಟ್ಟೆ, ಸಂತೆಯಿಲ್ಲ, ಬಜಾರವಿಲ್ಲ. ಬಂಧುಗಳೊಡನೆ ನಾನು ದಿನವೂ ದೂರವಾಣಿಯಲ್ಲಿ ಮಾತನಾಡುತ್ತಿದ್ದೆ. ಕಾಯಿಪಲ್ಲೆ ಬಾಗಿಲಿಗೆ ಬರುವುದು. ಮುಟ್ಟಿ ಆರಿಸುವಂತಿಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ತಲತಲಾಂತರದಿಂದ ಉಗುರು ಒತ್ತಿ ಸೋರೆಕಾಯಿ ಕೊಂಡ ಊರು ದೂರ ನಿಂತು ಕೈ ಚಾಚಿ ಚೀಲ ಹಿಡಿಯಿತು.

ಆಗ ನಾನು ಕೇಳಿದ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಗಾಡಿ ಬಂದಾಗ ಹಣವಿದ್ದವರು ಎರಡು ದಿನದ್ದನ್ನು ಒಮ್ಮೆಗೇ ಕೊಂಡರು; ಕೂಲಿ ನಿಂತ ಮನೆಯವರು ಬಾಗಿಲಲ್ಲಿ ನಿಂತು ಗಾಡಿಯವನ ಮುಖ ನೋಡಿದರು. ಅವನು ಪರಿಚಯದವನಾಗಿದ್ದರೆ ಬರೆದುಕೊಂಡು ಕೊಟ್ಟ. ಅಪರಿಚಿತನಾಗಿದ್ದರೆ ಮುಂದೆ ಹೋದ. ಅದೇ ದಿನಗಳಲ್ಲಿ ರಾಜ್ಯದ ಹಲವು ಕಡೆ ಬೆಳೆದ ತರಕಾರಿಯನ್ನು ಸಾಗಿಸಲಾರದೆ ರೈತರು ಹೊಲದಲ್ಲಿಯೇ ಬಿಟ್ಟರು, ದನಗಳಿಗೆ ಹಾಕಿದರು. ಒಂದು ಕಡೆ ಕೊಳ್ಳಲಾರದ ಹಸಿವು, ಇನ್ನೊಂದು ಕಡೆ ಮಾರಲಾರದ ಬೆಳೆ. ನಡುವೆ ಇದ್ದುದು ಕೆಲವು ಮೈಲು ದಾರಿ ಮತ್ತು ಒಂದು ಉದ್ದರಿಯ ವಹಿ. ಕಾಯಿಪಲ್ಲೆ ಕೊಳ್ಳುವ ಪದ್ಧತಿಯೆಂಬುದು ಬರಿಯ ರುಚಿ ಸೌಕರ್ಯಗಳ ಮಾತಾಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

ರೈತನಿಂದ ನೇರವಾಗಿ

ಬೆಳೆದವನಿಂದಲೇ ಕೊಳ್ಳಬೇಕೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಇದಕ್ಕೂ ಒಂದು ಚರಿತ್ರೆಯುಂಟು. ಜಪಾನಿನಲ್ಲಿ 1970ರ ದಶಕದಲ್ಲಿ ಗೃಹಿಣಿಯರು ರೈತರೊಡನೆ ಒಪ್ಪಂದ ಮಾಡಿಕೊಂಡು ವರ್ಷದ ಬೆಳೆಯನ್ನು ಹಂಚಿಕೊಂಡರು. ಅದನ್ನು ಅವರು ‘ತೇಕೇ’ ಎನ್ನುವರು. 1987ರಲ್ಲಿ ಚಂಡೀಗಢದಲ್ಲಿ ‘ಅಪ್ನೀ ಮಂಡಿ’, 1999ರಲ್ಲಿ ಆಂಧ್ರದಲ್ಲಿ ‘ರೈತು ಬಜಾರ್’, ಅದೇ ವರ್ಷ ತಮಿಳುನಾಡಿನಲ್ಲಿ ‘ಉಳವರ್ ಸಂದೈ’ ತೆರೆದುವು. ಇವುಗಳಲ್ಲಿ ರೈತನು ದಲ್ಲಾಳಿಯಿಲ್ಲದೆ ತಾನೇ ಕುಳಿತು ಮಾರುವನು. ಇವನ್ನೆಲ್ಲ ಹೊಸ ಯೋಜನೆಗಳೆಂದು ಉದ್ಘಾಟಿಸಿದರು. ನೋಡಿದರೆ ನಮ್ಮ ಹಳೆಯ ಸಂತೆಗೆ ಸರಕಾರದ ಛಾವಣಿ ಹಾಕಿದಂತಿದೆ. ಈಚೆಗೆ ತೋಟದಿಂದಲೇ ವಾಟ್ಸಾಪಿನ ಮೂಲಕ ಪಟ್ಟಿ ಕಳಿಸಿ ವಾರಕ್ಕೊಮ್ಮೆ ನಗರದ ಮನೆಗಳಿಗೆ ಚೀಲ ಮುಟ್ಟಿಸುವ ಬೆಳೆಗಾರರೂ ಇದ್ದಾರೆ.

ಇದರ ಅಗತ್ಯವನ್ನು ತಿಳಿಯಲು ಒಂದು ಲೆಕ್ಕ ಸಾಕು. ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಿರಾಕಿ ಕೊಟ್ಟ ಒಂದು ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಉಳ್ಳಾಗಡ್ಡಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದುದೆಲ್ಲ ದಲ್ಲಾಳಿಯ ಜೇಬಿಗೆ ಹೋಯಿತೆಂದು ಕೋಪಿಸಿಕೊಳ್ಳುವುದು ಸುಲಭ. ಆದರೆ ಆ ಹಣದಲ್ಲಿ ಲಾರಿಯ ಬಾಡಿಗೆಯಿದೆ, ಹಮಾಲರ ಕೂಲಿಯಿದೆ, ಅಂಗಡಿಯ ಬಾಡಿಗೆಯಿದೆ. ಎಲ್ಲಕ್ಕಿಂತ ಮೇಲಾಗಿ ಕೊಳೆತು ಹೋದುದರ ನಷ್ಟವಿದೆ. ತರಕಾರಿಗಳಲ್ಲಿ ಬೆಳೆಗನುಸಾರವಾಗಿ ನೂರಕ್ಕೆ ಸುಮಾರು 5ರಿಂದ 12 ಪಾಲು ಕೊಯ್ಲಿನ ಮೇಲೆ ಹಾಳಾಗುತ್ತದೆಂದು 2015ರ ಕೇಂದ್ರ ಸಂಸ್ಥೆಯೊಂದರ ಸಮೀಕ್ಷೆ ಕಂಡುಕೊಂಡಿದೆ. ಸಂಜೆ ಉಳಿದ ಸೊಪ್ಪಿನ ನಷ್ಟವನ್ನು ಯಾರು ಹೊರಬೇಕು ಎಂಬುದೇ ಈ ವ್ಯಾಪಾರದ ಮೂಲ ಪ್ರಶ್ನೆ. ಸಂತೆಯಲ್ಲಿ ಅದನ್ನು ಮಾರುವವಳು ಹೊತ್ತಳು. ಸಂಜೆ ಅರ್ಧ ಬೆಲೆಗೆ ಕೊಟ್ಟು ಮನೆಗೆ ಹೋದಳು, ಆ ಅರ್ಧ ಬೆಲೆಗೆಂದೇ ಬಡವರು ಸಂಜೆ ಬಂದರು. ಸಹಕಾರಿ ಮಳಿಗೆಯಲ್ಲಿ ಸಂಘ ಹೊತ್ತಿತು. ದೊಡ್ಡ ಮಳಿಗೆಗಳು ಆರಿಸಿ ಕೊಳ್ಳುವುದರಿಂದ, ಸೊಟ್ಟಗಿನ ಸೌತೆಯೂ ಚಿಕ್ಕ ಬದನೆಯೂ ರೈತನ ಬಳಿಯೇ ಉಳಿದುವು; ಅಲ್ಲಿ ನಷ್ಟವನ್ನು ಹೊತ್ತವನು ಅವನು.

ಆದುದರಿಂದ ರೈತನಿಂದ ನೇರವಾಗಿ ಕೊಳ್ಳುವ ನಗರದವರನ್ನು ನಾನು ಒಂದು ಪ್ರಶ್ನೆ ಕೇಳುವುದುಂಟು. ಮಳೆ ಹೆಚ್ಚಾದ ವಾರ ನಿಮ್ಮ ಚೀಲದಲ್ಲಿ ಬರಿಯ ಕುಂಬಳಕಾಯಿಯೂ ತೂತು ಬಿದ್ದ ಸೊಪ್ಪೂ ಬಂದರೆ ಹಣ ಕೊಡುವಿರೋ, ಇಲ್ಲವೋ? ಕೆಲವರು ಮೌನವಾಗುತ್ತಾರೆ. ಕೆಲವರು, ಅದು ಒಪ್ಪಂದದಲ್ಲಿಯೇ ಇದೆ, ಕೊಡುತ್ತೇವೆ ಎನ್ನುತ್ತಾರೆ. ಈ ಎರಡನೆಯವರು ಮಾಡುತ್ತಿರುವುದು ನಿಜವಾಗಿಯೂ ಹೊಸದು. ನಮ್ಮ ಸಂತೆಯಲ್ಲಿ ಮಾರುವವಳು ಕೊಳ್ಳುವವಳಿಗೆ ಉದ್ದರಿ ಕೊಡುತ್ತಿದ್ದಳು. ಇಲ್ಲಿ ಕೊಳ್ಳುವವಳು ಬೆಳೆದವನಿಗೆ ಮುಂಗಡ ನಂಬಿಕೆಯನ್ನು ಕೊಡುತ್ತಾಳೆ. ತಿಂಗಳ ಸಂಬಳ ಬರುವವರಿಗೆ ಇದು ಸಾಧ್ಯ. ಸಾಧ್ಯವಿರುವವರು ಮಾಡಿದರೆ ಒಳ್ಳೆಯದೇ. ಆದರೆ ಇದೊಂದೇ ದಾರಿಯೆಂದು ಸಾರಿ ಸಂತೆಗಳ ಜಾಗವನ್ನು ವಾಹನ ನಿಲ್ಲಿಸಲು ಬಿಟ್ಟುಕೊಟ್ಟರೆ, ಸಂಜೆಯ ಅರ್ಧ ಬೆಲೆಗೆ ಬರುವವರು ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಈಗ ಕುಡಚಿಯ ಬಜಾರದಲ್ಲಿಯೂ ಯುಪಿಐ ಚಿತ್ರಪಟಗಳನ್ನು ತಕ್ಕಡಿಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ತಕ್ಕಡಿಯೂ ಅಂಕಿ ತೋರಿಸುವ ಯಂತ್ರವಾಗಿದೆ. ಹದಿನೇಳು ರೂಪಾಯಿಯಾದರೆ ಹದಿನೇಳೇ ಕೊಡಬಹುದು, ಚಿಲ್ಲರೆಯಿಲ್ಲವೆಂದು ಕರಿಬೇವು ಪಡೆಯಬೇಕಾಗಿಲ್ಲ. ನನ್ನ ಸೊಸೆ ಇದನ್ನು ಮೆಚ್ಚುತ್ತಾಳೆ, ನಾನೂ ಮೆಚ್ಚುತ್ತೇನೆ. ಹೋದ ಚಳಿಗಾಲದಲ್ಲಿ ನಾವಿಬ್ಬರೂ ಬದನೆಕಾಯಿ ಕೊಂಡೆವು. ಯಂತ್ರ ಒಂದು ಕಿಲೋ ಮೂರು ಗ್ರಾಂ ತೋರಿಸಿತು. ಹಣ ಹೋದ ಸದ್ದಾಯಿತು. ಬಳಿಕ ಆ ಮುದುಕಿ ಬುಟ್ಟಿಯಿಂದ ಇನ್ನೊಂದು ಎಳೆಯ ಕಾಯಿಯನ್ನು ತೆಗೆದು, ಯಂತ್ರದ ಮೇಲಿಡದೆ, ನೇರವಾಗಿ ನಮ್ಮ ಚೀಲಕ್ಕೆ ಹಾಕಿದಳು. ಕೇಳದೆಯೇ ಕೊಟ್ಟಳೆಂದು ಸೊಸೆಗೆ ಆಶ್ಚರ್ಯ. ಊರಿನಲ್ಲಿರುವಷ್ಟು ದಿನ ಕಾಯಿಪಲ್ಲೆಯನ್ನು ಯಾರ ಬಳಿ ಕೊಳ್ಳಬೇಕೆಂದು ಮತ್ತೆ ಅವಳು ನನ್ನನ್ನು ಕೇಳಲಿಲ್ಲ.